ಮೊದಲು ಕುಳಿತವರು ಯಾರು

ಹೋದ ತಿಂಗಳು ಸಿಂಧನೂರಿನಲ್ಲಿ ಪರಿಚಯದವರ ಮನೆಯ ಮದುವೆ ಇತ್ತು. ಮದುವೆಯ ಹಿಂದಿನ ದಿನ ಮೆರವಣಿಗೆ ಮುಗಿದು ಮದುಮಗನನ್ನು ಕುದುರೆಯಿಂದ ಇಳಿಸಿದ್ದರು. ಕುದುರೆಯವನು ಅದರ ಮೈಮೇಲಿನ ಜರಿಬಟ್ಟೆ ತೆಗೆದು ಕೊಡವಿದ. ಕೆಳಗೆ ಬೆನ್ನು ಪೂರಾ ಒದ್ದೆಯಾಗಿತ್ತು. ಊಟಕ್ಕೆ ಹೊರಟಿದ್ದ ನನಗೆ ಆ ಬೆವರಿನ ವಾಸನೆ ಬಡಿಯಿತು. ಹುಳಿ ಮಜ್ಜಿಗೆ, ಒಣಹುಲ್ಲು, ಹಳೆಯ ತೊಗಲು ಎಲ್ಲ ಸೇರಿದಂಥ ವಾಸನೆ. ಎಲ್ಲರೂ ಒಳಗೆ ಹೋದರು, ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ವಾಸನೆ ನೆನಪನ್ನು ಎಬ್ಬಿಸುತ್ತದೆ ಎನ್ನುವ ಮಾತನ್ನು ನಾನು ಪೂರ್ತಿ ನಂಬುವವನಲ್ಲ. ವಾಸನೆ ಮೊದಲು ಬರುತ್ತದೆ, ಅದಕ್ಕೆ ಹೊಂದುವ ನೆನಪನ್ನು ನಾವೇ ಆಮೇಲೆ ಕಟ್ಟಿಕೊಳ್ಳುತ್ತೇವೆ ಎಂದು ನನ್ನ ಗುಮಾನಿ. ಅದೇನೇ ಇರಲಿ, ಅಲ್ಲಿ ನಿಂತಾಗ ನೆನಪಾದದ್ದು ಮಸ್ಕಿಯಲ್ಲಿ ನಮ್ಮ ಮನೆಯ ಹಿಂದಿನ ಮನೆಯಲ್ಲಿದ್ದ ಕಾಕಾ.

ರಕ್ತಸಂಬಂಧವೇನೂ ಇರಲಿಲ್ಲ. ಎರಡೂ ಮನೆಗಳ ನಡುವೆ ಒಂದೇ ಮಣ್ಣಿನ ಗೋಡೆ ಇತ್ತು, ಅಷ್ಟಕ್ಕೇ ಅವನು ಕಾಕಾ. ಕುರಿಗಾರರ ಮನೆತನ. ಎತ್ತರದ ಆಳು, ತೊಡೆಗಿಂತ ಮೀನಖಂಡವೇ ದಪ್ಪ ಎಂದು ಊರವರು ನಗುತ್ತಿದ್ದರು. ಮಾತು ಬಹಳ. ಅವನ ಮಾತಿನಲ್ಲಿ ಅರ್ಧ ಭಾಗ ಒಂದೇ ಕತೆ. ಪ್ರಾಯದಲ್ಲಿ ಒಂದು ಯುಗಾದಿ ಬೇಟೆಯಲ್ಲಿ, ನಾಯಿಗಳೆಲ್ಲ ನಾಲಿಗೆ ಚಾಚಿ ನೆರಳಿಗೆ ಬಿದ್ದ ಮೇಲೆ, ತಾನೊಬ್ಬನೇ ಉರಿಬಿಸಿಲಲ್ಲಿ ಮೊಲದ ಬೆನ್ನು ಬಿದ್ದು, ಅದು ಇನ್ನು ಏಳಲಾರದೆ ಮಲಗಿದಾಗ ಮನೆಯ ಬೆಕ್ಕನ್ನು ಎತ್ತಿದ ಹಾಗೆ ಎತ್ತಿಕೊಂಡು ಬಂದದ್ದು. ಯುಗಾದಿ ಹೊತ್ತಿಗೆ ಬೇಟೆಗೆ ಹೋಗುವುದು ನಮ್ಮ ಕಡೆ ಆಗ ಇದ್ದ ಪದ್ಧತಿ. ಅದು ಕಾನೂನಿಗೆ ವಿರುದ್ಧ ಎಂಬುದು ಆಗ ಊರಲ್ಲಿ ಯಾರ ತಲೆಗೂ ಬಂದಿರಲಿಲ್ಲ. ವರ್ಷದಿಂದ ವರ್ಷಕ್ಕೆ ಆ ಮೊಲ ಹೆಚ್ಚು ಹೆಚ್ಚು ದೂರ ಓಡುತ್ತಿತ್ತು. ಮೊದಲು ಗುಡ್ಡದ ಹಿಂದೆ ಸಿಕ್ಕಿದ್ದು, ನಾನು ಕಾಲೇಜು ಸೇರುವ ಹೊತ್ತಿಗೆ ಲಿಂಗಸುಗೂರಿನ ರಸ್ತೆ ಮುಟ್ಟಿತ್ತು. ಆ ಮೊಲಕ್ಕೆ ಒಂದು ಕಾಲು ಊನವಿತ್ತು ಎಂದು ಹೇಳುವವರೂ ಇದ್ದರು.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಗುಲ್ಬರ್ಗದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದೆ. ರಜೆಗೆ ಬಂದಾಗ ಒಮ್ಮೆ ಅವನಿಗೆ ವಿವರಿಸಲು ಹೋದೆ. ನಾಯಿಯ ಮೈ ನಮ್ಮ ಹಾಗೆ ಬೆವರುವುದಿಲ್ಲ, ಅದು ತೇಕಿಯೇ ತಣ್ಣಗಾಗಬೇಕು. ಓಡುತ್ತ ಎಷ್ಟೆಂದು ತೇಕೀತು? ಮೊಲದ್ದೂ ಹೆಚ್ಚು ಕಡಿಮೆ ಅದೇ ಗತಿ, ಅದು ಜೋರಾಗಿ ಓಡಿ ಅಡಗುವ ಪ್ರಾಣಿ, ಬಿಸಿಲಲ್ಲಿ ದೂರ ಓಡುವ ಪ್ರಾಣಿಯಲ್ಲ. ಮನುಷ್ಯನಿಗೆ ಮೈಯೆಲ್ಲ ಬೆವರು, ಆದ್ದರಿಂದ ನಿಧಾನವಾದರೂ ಬಹಳ ಹೊತ್ತು ತಾಳುತ್ತಾನೆ. ಹೀಗಾಗಿ ಅವನ ಕತೆ ಸುಳ್ಳೇ ಇರಬೇಕೆಂದಿಲ್ಲ ಎಂದೆ. ಅವನಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ.

"ಅಂದ್ರ ನಾ ಬೆವರಿದ್ದಕ್ಕ ಗೆದ್ದೆ ಅಂತಿ," ಎಂದ. "ಓಡಿದ್ದಕ್ಕ ನಿನ್ನ ಪುಸ್ತಕದಾಗ ಬೆಲಿ ಇಲ್ಲೇನಲೇ ಮಾಸ್ತರಾ?"

ಆಗಿನ್ನೂ ನಾನು ಮಾಸ್ತರನಾಗಿರಲಿಲ್ಲ. ಅದು ಅವನು ನನ್ನನ್ನು ಕಿಚಾಯಿಸಲು ಇಟ್ಟಿದ್ದ ಹೆಸರು.

ಅವರ ಮನೆಯಲ್ಲಿ ಒಂದು ಹೆಣ್ಣು ಕುದುರೆ ಇತ್ತು. ಸಂತೆಕಲ್ಲೂರಿನಲ್ಲಿ ಮರಿಯಿದ್ದಾಗ ಕೊಂಡದ್ದು, ಗಿಡ್ಡ ಜಾತಿ, ಮಾಸಿದ ಕೆಂಪು ಬಣ್ಣ. ಬೇಸಿಗೆಯಲ್ಲಿ ಕಾಲುವೆ ಸೀಮೆಯ ಎರಡನೇ ಬೆಳೆ ಕಟಾವಾದ ಮೇಲೆ ಕಾಕಾನ ಕುರಿಗಳು ಮಸ್ಕಿಯಿಂದ ದಢೇಸುಗೂರಿನ ತನಕ ನಡೆದು ಹೋಗುತ್ತಿದ್ದವು. ಅಲ್ಲಿ ರಾತ್ರಿಯೆಲ್ಲ ಕುರಿಗಳನ್ನು ಗದ್ದೆಯಲ್ಲಿ ಮಲಗಿಸಿದರೆ ಗೊಬ್ಬರವಾಗುತ್ತದೆ. ಅದಕ್ಕೆ ಗದ್ದೆಯವರು ನೆಲ್ಲು ಅಳೆದು ಕೊಡುತ್ತಿದ್ದರು. ದಾರಿಯುದ್ದಕ್ಕೂ ಪಾತ್ರೆ, ಕಂಬಳಿ, ಹಿಟ್ಟಿನ ಚೀಲ ಎಲ್ಲ ಕುದುರೆಯ ಬೆನ್ನ ಮೇಲೆ. ಮನುಷ್ಯರು ಮಾತ್ರ ಹತ್ತುವಂತಿಲ್ಲ. ಅದು ಅವರಲ್ಲಿ ಕಟ್ಟುನಿಟ್ಟು. ಒಂದೇ ಒಂದು ಸಲ ಕಾಕಾ ಆ ಪದ್ಧತಿ ಮುರಿದಿದ್ದ. ದಢೇಸುಗೂರಿನ ಗದ್ದೆಯಲ್ಲಿ ಅವನ ಹೆಂಡತಿ, ನಮ್ಮ ಪಾಲಿನ ಚಿಗವ್ವ, ಜ್ವರದಿಂದ ಎಚ್ಚರ ತಪ್ಪಿದಾಗ ಆಕೆಯನ್ನು ಕುದುರೆಯ ಮೇಲೆ ಕೂರಿಸಿ, ಒಂದು ಕೈಯಲ್ಲಿ ಹಿಡಿದುಕೊಂಡು ಸಿಂಧನೂರಿನ ದವಾಖಾನೆಗೆ ನಡೆದಿದ್ದ. ಹೋಗುವಾಗ ಕುದುರೆಯ ಮೇಲೆ ಹೋದವಳು ಮಸ್ಕಿಗೆ ಬಂದದ್ದು ಜೀಪಿನಲ್ಲಿ, ಮುಖಕ್ಕೂ ಬಟ್ಟೆ ಮುಚ್ಚಿ. ಆ ದಿನದ ಬಗ್ಗೆ ಕಾಕಾ ಒಂದು ಮಾತೂ ಆಡುತ್ತಿರಲಿಲ್ಲ.

ನಾನು ಹೇಳುತ್ತಿರುವ ಬೇಸಿಗೆಯಲ್ಲಿ ಆ ಕುದುರೆಯನ್ನು ಮಾರುವ ಮಾತು ನಡೆದಿತ್ತು. ಮಾರಬೇಕು ಎಂದವನು ಕಾಕಾನ ಮಗ. ನನ್ನ ವಾರಿಗೆಯವನು, ಜೊತೆಗೇ ಸಾಲಿ ಕಲಿತವನು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಹಿಂದೆ ಕುರಿ ನಡೆದ ದಾರಿಯೆಲ್ಲ ಗದ್ದೆಯಾಗಿತ್ತು. ಲಾರಿಯಲ್ಲಿ ಹೇರಿದರೆ ಬೆಳಗಿನ ಹೊತ್ತಿನಲ್ಲೇ ದಢೇಸುಗೂರು. ನಡೆಸಿಕೊಂಡು ಹೋದರೆ ದಿನಗಟ್ಟಲೆ ಮೇವಿಲ್ಲದೆ ಕುರಿ ಸೊರಗುತ್ತವೆ. ಲಾರಿ ಬಂದ ಮೇಲೆ ಕುದುರೆ ಯಾಕೆ? ಅದಕ್ಕೂ ವಯಸ್ಸಾಗಿದೆ. ಸಿಂಧನೂರಿನಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬಿಡುವವನೊಬ್ಬ ಕೇಳಿದ್ದಾನೆ, ಕೊಟ್ಟುಬಿಡೋಣ.

"ಅಕಿ ಮ್ಯಾಲ ಮಂದಿ ಹತ್ತಿಸ್ತೀಯೇನು?" ಎಂದು ಕಾಕಾ ಕೇಳಿದನಂತೆ. ಗೋಡೆಯಾಚೆಯಿಂದ ಕೇಳಿಸಿಕೊಂಡು ಹೇಳಿದವಳು ನನ್ನ ಅವ್ವ.

ಕೊನೆಗೆ ಒಂದು ಒಪ್ಪಂದವಾಯಿತು. ಈ ಸಲ ನಡೆದೇ ಹೋಗುವುದು. ಹೊರೆ ಹೊತ್ತು ದಢೇಸುಗೂರು ಮುಟ್ಟಿದರೆ ಕುದುರೆ ಮನೆಯಲ್ಲಿ ಉಳಿಯುತ್ತದೆ. ದಾರಿಯಲ್ಲಿ ದಣಿದು ನಿಂತರೆ ಮಾರುವುದು, ಆಮೇಲೆ ಅದರ ಬಗ್ಗೆ ಮಾತಿಲ್ಲ. ಕಾಕಾ ಒಪ್ಪಿದ. ನನಗೆ ರಜೆ, ಕೆಲಸವಿರಲಿಲ್ಲ. ನೋಡಿದ ಹಾಗಾಯಿತು ಎಂದು ಸೈಕಲ್ ತೆಗೆದುಕೊಂಡು ಅವರ ಜೊತೆ ಹೊರಟೆ.

ಮೊದಲ ದಿನ ಬಳಗಾನೂರಿನ ಹತ್ತಿರ ಮುಗಿಯಿತು. ಎರಡನೆಯ ದಿನ ಬೆಳಿಗ್ಗೆ ಹೊರೆ ಕಟ್ಟುವಾಗ ಮಗ ಅವಸರ ಮಾಡಿದ. ಮೊದಲೆಲ್ಲ ಅವರದು ಮಣ್ಣಿನ ಗಡಿಗೆಗಳು. ಒಡೆದಾವು ಎಂಬ ಭಯಕ್ಕೆ ಪ್ರತಿಯೊಂದಕ್ಕೂ ಕಂಬಳಿ ಸುತ್ತಿ ಕಟ್ಟುತ್ತಿದ್ದರು. ಆ ವರ್ಷ ಮನೆಗೆ ಸೊಸೆ ಬಂದಿದ್ದಳು, ಅವಳ ಜೊತೆ ಜರ್ಮನ್, ಅಂದರೆ ಅಲ್ಯೂಮಿನಿಯಂ ಬೋಗುಣಿಗಳು ಬಂದಿದ್ದವು. ಜರ್ಮನ್ ಒಡೆಯುವುದಿಲ್ಲ, ಆದ್ದರಿಂದ ಯಾರೂ ಏನೂ ಸುತ್ತಲಿಲ್ಲ. ಬರಿಯ ಹಗ್ಗ ಹಾಕಿ ಒಂದರ ಮೇಲೊಂದು ಬಿಗಿದರು. ಮಣ್ಣಿನ ಗಡಿಗೆಗೆ ಸುತ್ತುತ್ತಿದ್ದ ಕಂಬಳಿ ಕುದುರೆಯ ಕಿವಿಯನ್ನೂ ಕಾಯುತ್ತಿತ್ತು ಎಂಬುದು ಯಾರಿಗೂ ಹೊಳೆದಿರಲಿಲ್ಲ, ಕಾಕಾನಿಗೂ ಹೊಳೆದಿರಲಿಲ್ಲ.

ಹಿಂದಿನಿಂದ ಒಂದು ಟ್ರ್ಯಾಕ್ಟರ್ ಹಾರ್ನ್ ಹೊಡೆಯಿತು. ಕುದುರೆ ಬೆದರಿ ಜಿಗಿಯಿತು, ಹಗ್ಗ ಸಡಿಲಿ ಒಂದು ಬೋಗುಣಿ ಪಕ್ಕೆಗೆ ಜೋತು ಬಡಿಯತೊಡಗಿತು. ಓಡಿದಷ್ಟೂ ಸದ್ದು, ಸದ್ದಾದಷ್ಟೂ ಓಟ. ಬಳಗಾನೂರಿನ ಇಬ್ಬರು ಕೂಗುತ್ತ ಅಡ್ಡ ಹೋಗಿ ಅದನ್ನು ಇನ್ನಷ್ಟು ಹೆದರಿಸಿದರು. ನೋಡುತ್ತಿದ್ದಂತೆ ಅದು ಕಾಲುವೆ ಬಿಟ್ಟು, ಪಡುವಣಕ್ಕೆ, ಒಣ ಎರೆಹೊಲಗಳ ಕಡೆ ಹೋಗಿಬಿಟ್ಟಿತು.

ಮಗ ಕುರಿ ಬಿಟ್ಟು ಬರುವಂತಿರಲಿಲ್ಲ, ಪಕ್ಕದಲ್ಲೇ ಪರರ ಬೆಳೆ. ಕಾಕಾ ನೀರಿನ ಸೋರೆಬುರುಡೆಯನ್ನು ಹೆಗಲಿಗೆ ಹಾಕಿಕೊಂಡ, ಬಡಿಗೆ ತಗೊಂಡ, ಹೊರಟ. ನಾನು ಸೈಕಲ್ಲಿನಲ್ಲಿ ಹಿಂದೆ.

ಅವನು ಓಡುತ್ತಾನೆ ಎಂದು ನಾನು ಕಾದೆ. ಓಡಲಿಲ್ಲ. ನೀರು ತರಲು ಹೋಗುವವನ ಹಾಗೆ ನಡೆದ. ದೂರದಲ್ಲಿ ಕುದುರೆ ನಿಂತು ತಿರುಗಿ ನೋಡುವುದು. ಇವನು ಒಂದು ಅಂತರಕ್ಕೆ ಬಂದಾಗ ಅದು ಕದಲುವುದು, ಬೋಗುಣಿ ಬಡಿಯುವುದು, ಮತ್ತೆ ಓಟ. ಇವನ ನಡಿಗೆ ಹೆಚ್ಚಾಗಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ನಿಂತು ಮೇಯಲು ಬಿಡಲಿಲ್ಲ. ಹಳ್ಳದ ಗುಂಡಿಯೊಂದರಲ್ಲಿ ಚೂರು ನೀರಿತ್ತು. ಕುದುರೆ ಅತ್ತ ತಿರುಗುವ ಮೊದಲೇ ಇವನು ಆ ಬದಿಗೆ ಸರಿದಿದ್ದ. ನಾನು ಪರೀಕ್ಷೆಗೆ ಬರೆದದ್ದೆಲ್ಲ ನನ್ನ ಎದುರಿಗೆ ನಡೆಯುತ್ತಿತ್ತು, ಒಂದು ಮಾತು ಬಿಟ್ಟು. ನಾಯಿಯ ಹಾಗಲ್ಲ, ಕುದುರೆಯೂ ಮೈಯೆಲ್ಲ ಬೆವರುತ್ತದೆ. ಬೆವರಿನ ಲೆಕ್ಕದಲ್ಲಿ ಅದು ಮನುಷ್ಯನಿಗೆ ಸಾಟಿ. ಹೀಗಾಗಿ ಯಾರು ಗೆಲ್ಲುತ್ತಾರೆಂದು ನನ್ನ ಓದು ಹೇಳುವಂತಿರಲಿಲ್ಲ.

ಬಿಸಿಲು ಏರಿತು. ಹೊಲದ ಬಿರುಕುಗಳಲ್ಲಿ ಸೈಕಲ್ ಚಕ್ರ ಸಿಕ್ಕಿಕೊಳ್ಳುತ್ತಿತ್ತು. ಇಳಿದು ತಳ್ಳಿದೆ. ಆಮೇಲೆ ಜಾಲಿಯ ಮುಳ್ಳು ಚುಚ್ಚಿ ಗಾಳಿ ಹೋಯಿತು. ಒಂದಷ್ಟು ಹೊತ್ತು ಇಬ್ಬರೂ ಕಣ್ಣಿಗೆ ಕಾಣದಾದರು. ಹತ್ತಿಕಟ್ಟಿಗೆ ಕೀಳುತ್ತಿದ್ದ ಹೆಂಗಸೊಬ್ಬಳನ್ನು ಕೇಳಿದೆ. ಕೈ ಮಾಡಿ ತೋರಿಸಿದಳು.

"ಕುದುರಿ ಚಲೋನ ಐತೋ ಯಪ್ಪಾ," ಎಂದಳು. "ಆ ಮುದುಕನ ಹಿಂದ ಯಾರರ ಹೋಗ್ರಿ."

ಆ ಮಾತನ್ನು ನಾನು ಆಮೇಲೆ ಎಷ್ಟೋ ಸಲ ತೂಗಿ ನೋಡಿದ್ದೇನೆ.

ಮುಂದಿನದು ಮುಖ್ಯ. ಆದ್ದರಿಂದಲೇ ಅದರ ಬಗ್ಗೆ ನನಗೆ ಭರವಸೆ ಕಡಿಮೆ. ಹೊತ್ತು ಇಳಿಮುಖವಾಗಿತ್ತು. ದೂರದಲ್ಲಿ ಮಸ್ಕಿಯ ಗುಡ್ಡ ಕಾಣುತ್ತಿತ್ತು. ಜೋಳದ ಕೂಳೆ ಇದ್ದ ಹೊಲ, ಸುತ್ತ ಒಂದು ಗಿಡವೂ ಇಲ್ಲ. ನಾನು ಅದರ ಅಂಚಿನ ಏರಿಯನ್ನು ಹತ್ತಿ ನೋಡಿದಾಗ ಕುದುರೆ ನಾಲ್ಕು ಕಾಲನ್ನೂ ಅಗಲಿಸಿ, ತಲೆಯನ್ನು ನೆಲಕ್ಕೆ ತಗ್ಗಿಸಿ ನಿಂತಿತ್ತು. ಕಾಕಾ ಇನ್ನೂ ನಡೆಯುತ್ತಿದ್ದ. ಸುತ್ತು ಹಾಕಿ ಅದರ ಎದುರಿಗೆ ಬಂದ. ಹಗ್ಗ ಹಿಡಿದ. ಅದು ಕದಲಲಿಲ್ಲ. ಹೊರೆ ಬಿಚ್ಚಿ ಕೆಳಗಿಟ್ಟ. ಬುರುಡೆಯಲ್ಲಿ ಉಳಿದಿದ್ದ ನೀರನ್ನು ಒಂದು ಬೋಗುಣಿಗೆ ಸುರಿದು ಅದರ ಮೂತಿಗೆ ಹಿಡಿದ. ಅದೆಲ್ಲ ಆದ ಮೇಲೆ, ಕುದುರೆಯದೇ ನೆರಳಿತ್ತಲ್ಲ, ಅದರಲ್ಲಿ ಕುಳಿತ.

ನನ್ನ ತಲೆಯಲ್ಲಿರುವ ಚಿತ್ರ ಇದು. ನಾನು ಹತ್ತಿರ ಹೋದಾಗ ಅವನು ತಲೆ ಎತ್ತಿ, ತುಟಿ ಒಡೆದು ರಕ್ತ ಬಂದಿತ್ತು, "ನೋಡಿದೆಲ್ಲ ಮಾಸ್ತರಾ? ಯಾರು ಮೊದ್ಲು ನಿಂತ್ರು, ನೋಡಿದೆಲ್ಲ?" ಎಂದ. ಆ ರಾತ್ರಿ ಒಬ್ಬ ರೈತನ ಹೊಲದ ಗುಡಿಸಲಲ್ಲಿ ಇಳಿದುಕೊಂಡಾಗ ಆ ರೈತನಿಗೂ ಕೈ ಬೀಸಿ ಬೀಸಿ ಎಲ್ಲ ಹೇಳಿದ. ಅಥವಾ... ಆ ಕೈಬೀಸು ಮೊಲದ ಕತೆಯದಿರಬಹುದು. ಅದನ್ನು ಅಷ್ಟು ಸಲ ನೋಡಿದ್ದೆ, ಅಲ್ಲಿಂದ ತೆಗೆದು ನಾನೇ ಇಲ್ಲಿಗೆ ಕೂಡಿಸಿರಬಹುದು. ಗೊತ್ತಿಲ್ಲ.

ಮರುದಿನ ನಿಧಾನಕ್ಕೆ ನಡೆದು ಸಂಜೆ ಹೊತ್ತಿಗೆ ಬಳಗಾನೂರಿಗೆ ವಾಪಸು ಬಂದೆವು. ಮಗ ಮೊದಲು ಅಪ್ಪನನ್ನು ನೋಡಿದ, ಆಮೇಲೆ ಕುದುರೆಯ ಎದೆ, ಪಕ್ಕೆ, ಮೊಣಕಾಲುಗಳನ್ನು ಒತ್ತಿ ನೋಡಿದ. ಕುರಿಗಳ ಜೊತೆಗೇ ನಡೆದು ಬಂದಿದ್ದ ಸೊಸೆ ಎಲ್ಲರಿಗೂ ರೊಟ್ಟಿ ಕೊಟ್ಟಳು. ಮಗ ಸಿಟ್ಟಿನಿಂದೇನೂ ಮಾತಾಡಲಿಲ್ಲ.

"ನಿನ್ನಂಥಾ ಮುದುಕ ಬರೇ ನಡದು ನಿಲ್ಲಿಸ್ಯಾನ ಅಂದ್ರ ಇಕಿಯೊಳಗ ಏನು ಉಳದೈತಿ ಯಪ್ಪಾ?" ಎಂದ. "ಮಾತು ಮಾತ. ನಾಳೆ ಸಿಂಧನೂರಿಗೆ ಹೋಗಿ ಹೇಳಿ ಬರ್ತೀನಿ."

ಕಾಕಾ ಉಳ್ಳಾಗಡ್ಡಿಯನ್ನು ಕೈಯಲ್ಲಿ ಗುದ್ದಿ ಒಡೆಯುತ್ತಿದ್ದ. ಸ್ವಲ್ಪ ಹೊತ್ತು ಅದರ ಸಿಪ್ಪೆ ಸುಲಿದ. ನನ್ನ ಕಡೆ ನೋಡಲಿಲ್ಲ.

"ನಾ ನಿಲ್ಲಿಸೀನಿ ಅಂತ ಯಾರು ಹೇಳಿದ್ರು ನಿನಗ?" ಎಂದ.

ಮಗ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ.

"ಅಕಿ ನಿಂದ್ರಲಿಲ್ಲ. ನನಗ ಕಣ್ಣಿಗೆ ಕತ್ತಲಿ ಬಂತು, ಕುಂತಬಿಟ್ಟೆ. ನಾ ಕುಂತದ್ದು ನೋಡಿ ಅಕೀನ ತಿರುಗಿ ಬಂದ್ಲು. ಇಲ್ಲಂದ್ರ ಇಷ್ಟೊತ್ತಿಗೆ ಲಿಂಗಸೂರು ದಾಟತಿದ್ಲು."

"ನೀ ಕುಂತಿ?"

"ಕುಂತೆ."

"ಮೊಲದ ಹಿಂದ ಓಡಿದಾವ?"

"ಆವಾಗ ವಯಸ್ಸಿತ್ತು," ಎಂದು ಕಾಕಾ ರೊಟ್ಟಿ ಮುರಿದ.

ಅವನು ಯಾವುದಕ್ಕಾದರೂ ಸೋತೆನೆಂದು ಹೇಳಿದ್ದನ್ನು ನಾನಂತೂ ಕೇಳಿರಲಿಲ್ಲ. ಮಗನೂ ಕೇಳಿರಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ನನ್ನ ಕಡೆ ತಿರುಗಿ, "ಲೇ, ನೀ ಇದ್ದೆಲ್ಲ. ಹೌದೇನು?" ಎಂದ. ನಾನು ಬಹಳ ಹಿಂದಿದ್ದೆ, ಸೈಕಲ್ ಪಂಕ್ಚರಾಗಿತ್ತು ಎಂದೆ. ಅದು ಸುಳ್ಳಲ್ಲ. ಏರಿ ಹತ್ತುವ ಮುಂಚೆ ಏನು ನಡೆಯಿತೆಂದು ನಾನು ಕಂಡಿಲ್ಲ. ಅವನು ಅದಕ್ಕೂ ಮೊದಲೊಮ್ಮೆ ಕುಳಿತು ಎದ್ದಿರಬಹುದು.

"ಅವ ಸೈಕಲ್ ಹೊತಗೊಂಡು ಬರಾಕತ್ತಿದ್ದ," ಎಂದ ಕಾಕಾ. "ಮೂರೂ ಮಂದಿಯೊಳಗ ಅವನ ಹೊರೀನ ಹೆಚ್ಚಿನದು."

ಸೊಸೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಮಗನೂ ನಕ್ಕ. ಸಿಂಧನೂರಿಗೆ ಹೋಗುವ ಮಾತು ಮತ್ತೆ ಬರಲಿಲ್ಲ. ಕುದುರೆಗೆ ಒಂದು ದಿನ ಬಿಡುವು ಕೊಟ್ಟು, ಬೋಗುಣಿಗಳಿಗೆಲ್ಲ ಕಂಬಳಿ ಸುತ್ತಿ, ಮತ್ತೆ ಹೊರಟರು. ನಾನು ಬಸ್ಸಿನ ಮೇಲೆ ಸೈಕಲ್ ಹಾಕಿಸಿ ಮಸ್ಕಿಗೆ ಬಂದೆ. ಕುದುರೆ ಹೊರೆ ಹೊತ್ತು ದಢೇಸುಗೂರು ಮುಟ್ಟಿತೆಂದು ಆಮೇಲೆ ತಿಳಿಯಿತು. ಮಾತಿನ ಪ್ರಕಾರ ಅದು ಮನೆಯಲ್ಲೇ ಉಳಿಯಿತು.

ಆದರೆ ಕತೆ ಕುದುರೆಗಿಂತ ಮೊದಲೇ ಮಸ್ಕಿಗೆ ಬಂದಿತ್ತು. ಬಸ್ ನಿಲ್ದಾಣದ ಹೋಟೆಲ್ಲಿನಲ್ಲಿ ಕಾಕಾ ಚಹಾಕ್ಕೆ ಕುಳಿತರೆ ಯಾರಾದರೂ, "ಕಾಕಾ ಕುಂತಾನ, ಕುದುರಿ ಬಂತು ನೋಡ್ರಿ," ಎನ್ನುವರು. ಮುಂದಿನ ಯುಗಾದಿಗೆ ನಾನು ಊರಲ್ಲಿದ್ದೆ. ಬೇಟೆಗೆ ಹೊರಟ ಹುಡುಗರು ಅವನಿಗೆ ಬುತ್ತಿ ಕಾಯುವ ಕೆಲಸ ಕೊಟ್ಟರು. "ನೀ ಗಿಡದ ಕೆಳಗ ಕುಂದ್ರು ಕಾಕಾ, ಮೊಲ ತಾನ ಬರ್ತೈತಿ." ಹಳೆಯ ಕತೆಯೂ ಕೆಟ್ಟಿತು, ಆ ಮೊಲವೂ ಹಾಗೇ ಬಂದು ತೊಡೆಯ ಮೇಲೆ ಕುಳಿತಿರಬೇಕು ಎಂದು ನಕ್ಕರು. ಮೊದಲಿನ ಕಾಕಾ ಆಗಿದ್ದರೆ ಅಂಥ ಮಾತಿಗೆ ಬಡಿಗೆ ಎತ್ತುತ್ತಿದ್ದ. ಈಗ ಬುತ್ತಿಯ ಗಂಟುಗಳನ್ನು ನೆರಳಿಗೆ ಸರಿಸಿಕೊಂಡು ಸುಮ್ಮನೆ ಕುಳಿತ. ನನಗೆ ಅವನನ್ನು ಒಂದು ಮಾತು ಕೇಳುವುದಿತ್ತು, ಅವತ್ತು ನಿಜಕ್ಕೂ ಮೊದಲು ನಿಂತವರು ಯಾರು ಎಂದು. ಕೇಳಲು ಹೋದೆ ಕೂಡ. ನಾನು ಬಾಯಿ ತೆರೆಯುವ ಮೊದಲೇ, "ನಿನ್ನ ಪುಸ್ತಕದಾಗ ಕುದುರಿ ಬೆವರ್ತಾವೋ ಇಲ್ಲೋ?" ಎಂದ. ಬೆವರುತ್ತವೆ ಎಂದೆ. "ಮತ್ತ ಅಷ್ಟ," ಎಂದು ಬೀಡಿ ಹಚ್ಚಿದ.

ಆಮೇಲೆ ನಾನು ಕೆಲಸದ ಮೇಲೆ ಬೇರೆ ಬೇರೆ ಊರಿಗೆ ಹೋದೆ. ಕುದುರೆ ಇನ್ನೂ ಕೆಲವು ವರ್ಷ ದಢೇಸುಗೂರಿಗೆ ಹೋಗಿ ಬರುತ್ತಿತ್ತು, ಕೊನೆಕೊನೆಗೆ ಅರ್ಧ ಹೊರೆ ಹೊತ್ತು. ಒಂದು ಚಳಿಗಾಲ ಮನೆಯ ಹಿಂದೆ, ನಮ್ಮ ಗೋಡೆಗೆ ಒರಗಿದ ಹಾಗೆ ಸತ್ತಿತಂತೆ. ಅದರ ಮೇಲೆ ಮತ್ತೆ ಯಾರೂ ಹತ್ತಲಿಲ್ಲ. ತೊಂಬತ್ತರ ದಶಕದ ನಡುವೆ ಎಲ್ಲೋ ಕಾಕಾನೂ ಹೋದ. ನನಗೆ ಸುದ್ದಿ ಮುಟ್ಟಿದಾಗ ಎಲ್ಲ ಮುಗಿದಿತ್ತು.

ಸಿಂಧನೂರಿನ ಮದುವೆ ಮುಗಿಸಿ ಮರುದಿನ ಮಸ್ಕಿಯಲ್ಲಿ ಇಳಿದು ಅವನ ಮಗನನ್ನು ನೋಡಲು ಹೋದೆ. ಕುರಿ ಬಿಟ್ಟು ಬಹಳ ವರ್ಷವಾಗಿದೆ. ಮೈ ಬಂದಿದೆ, ಮೊಣಕಾಲು ನೋವು, ಕಟ್ಟೆ ಇಳಿಯಲು ಗೋಡೆ ಹಿಡಿಯುತ್ತಾನೆ. ಅವತ್ತು ಅವನ ಮನೆಗೆ ಬೀಗರು ಬಂದಿದ್ದರು. ನಾನು ಅವನಿಗೆ ಏನೋ ಹೇಳಬೇಕೆಂದೇ ಹೋಗಿದ್ದೆ. ಆ ಕೂಳೆಹೊಲ, ತಲೆ ತಗ್ಗಿಸಿ ನಿಂತ ಕುದುರೆ, ಅದರ ಎದುರು ಇನ್ನೂ ನಡೆಯುತ್ತಲೇ ಇದ್ದ ಅವನ ಅಪ್ಪ... ಖಾತ್ರಿಯಿಲ್ಲ ಎಂದು ಮೊದಲೇ ಹೇಳಿ, ಆಮೇಲೆ ಹೇಳಬೇಕೆಂದುಕೊಂಡಿದ್ದೆ.

ಅಷ್ಟರಲ್ಲಿ ಅವನೇ ಬೀಗರಿಗೆ ಅದೇ ಕತೆ ತೆಗೆದ. ಅಂಥಾ ಕುದುರೆ ಈ ಸೀಮೆಯಲ್ಲಿ ಇನ್ನೊಂದು ಇರಲಿಲ್ಲ. ನಮ್ಮಪ್ಪ ಅಂದರೆ ಮೊಲವನ್ನೇ ದಣಿಸಿದ ಮನುಷ್ಯ, ಅವನನ್ನೂ ಬಿಸಿಲಲ್ಲಿ ಹಗಲೆಲ್ಲ ನಡೆಸಿ ಕೂರಿಸಿತು. ಕೂರಿಸಿ ಬಿಟ್ಟು ಹೋಗಲಿಲ್ಲ, ತಿರುಗಿ ಬಂದು ಪಕ್ಕದಲ್ಲಿ ನಿಂತಿತು. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ನಾನು ಮಾರಬೇಕೆಂದಿದ್ದೆ ರೀ ಅದನ್ನು, ಎಂದ.

"ಇವ ಇದ್ದಾನಲ್ರಿ, ಕಣ್ಣಾರೆ ನೋಡಿದಾವ," ಎಂದು ನನ್ನ ಕಡೆ ಕೈ ಮಾಡಿದ. "ಹೇಳಲೇ. ಅಪ್ಪ ಮೊದ್ಲು ಕುಂತದ್ದು ಹೌದಲ್ಲ?"

ಬೀಗರು ನನ್ನ ಮುಖ ನೋಡಿದರು.

"ಹೌದ್ರಿ," ಎಂದೆ. "ಕಾಕಾನ ಮೊದ್ಲು ಕುಂತ."

ಚಹಾ ಬಂತು, ಮಾತು ಬೇರೆ ಕಡೆ ತಿರುಗಿತು. ಕಾಕಾ ಸತ್ತ ಸುದ್ದಿ ಬಂದಾಗ ನನಗೆ ಹೇಳಿಕೊಳ್ಳುವಂಥ ದುಃಖವೇನೂ ಆಗಿರಲಿಲ್ಲ. ಅದು ಆ ಕಟ್ಟೆಯ ಮೇಲೆ, ಬೀಗರ ನಡುವೆ ಆಯಿತು. ಅವನು ಕುದುರೆಯನ್ನು ನಡೆದು ನಿಲ್ಲಿಸಿದ್ದು ನಿಜವೇ ಆಗಿದ್ದರೆ, ಅದನ್ನು ಬಲ್ಲವನು ನಾನೊಬ್ಬನೇ ಉಳಿದಿದ್ದೆ. ನಾನೇ ಹೌದೆಂದ ಮೇಲೆ ಈಗ ಆ ಸಾಕ್ಷಿಯೂ ಇಲ್ಲ.